ಗೂಗಲ್ ಡಾಕ್ಸ್ ಜೊತೆ ನಾಲ್ಕು ವರ್ಷ: ಬೀದರಿನ ಒಬ್ಬ ಮೇಷ್ಟ್ರ ಅನುಭವ

ಗೂಗಲ್ ಡಾಕ್ಸ್ ಅಂದ್ರೆ ಏನು ಅಂತ ಹೇಳುತ್ತಾ ಕೂರುವುದಿಲ್ಲ, ಎಲ್ಲರ ಫೋನಿನಲ್ಲೂ ಇದೆ. ನಾನು ಬೀದರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಕಾಂ ಮಕ್ಕಳಿಗೆ ಕಾಸ್ಟಿಂಗ್, ಅಂದ್ರೆ ಒಂದು ವಸ್ತು ತಯಾರಿಸಲು ತಗಲುವ ಖರ್ಚಿನ ಲೆಕ್ಕ, ಹೇಳಿಕೊಡುತ್ತೇನೆ. ನಾಲ್ಕು ವರ್ಷದಿಂದ ನೋಟ್ಸು, ಪ್ರಶ್ನೆ ಬ್ಯಾಂಕು, ಗುಂಪು ಪ್ರಾಜೆಕ್ಟು ಎಲ್ಲ ಇದರಲ್ಲೇ. ಒಂದು ರೂಪಾಯಿ ಖರ್ಚಿಲ್ಲ. ನನ್ನಂಥ ಸಂಬಳದವನಿಗೆ ಅರ್ಧ ವಿಮರ್ಶೆ ಅಲ್ಲಿಗೇ ಮುಗಿಯಿತು.

ಬೆಳಗ್ಗೆ ಒಲೆ ಮೇಲೆ ಚಹಾ ಕುದಿಯುವಾಗ ಲ್ಯಾಪ್‌ಟಾಪ್ ತೆರೆಯುವುದು ಈಗ ಅಭ್ಯಾಸ. ಮೇಲಿನ ಮೂಲೆಯಲ್ಲಿ ಬಣ್ಣದ ಚುಕ್ಕೆಗಳು, ಒಂದೊಂದರ ಹಿಂದೆ ಒಬ್ಬೊಬ್ಬ ಹುಡುಗ ಹುಡುಗಿ. ಲಾಗಿನ್ ಆಗದೆ ಲಿಂಕ್ ಒತ್ತಿ ಬಂದವರಿಗೆ ಗೂಗಲ್ ಪ್ರಾಣಿಯ ಹೆಸರಿಡುತ್ತದೆ. ಅನಾಮಧೇಯ ಕ್ಯಾಪಿಬಾರ, ಅನಾಮಧೇಯ ಆಕ್ಸೊಲಾಟಲ್, ಹೀಗೆ. ಪರೀಕ್ಷೆ ದಿನ ಬೆಳಗಿನ ಐದೂವರೆಗೆ ಒಂದು ಕ್ಯಾಪಿಬಾರ ಮಾರ್ಜಿನಲ್ ಕಾಸ್ಟಿಂಗ್ ಓದುತ್ತಾ ಕೂತಿದ್ದರೆ, ಯಾರಪ್ಪಾ ನೀನು ಅಂತ ಕೇಳಬೇಕು ಅನಿಸುತ್ತದೆ. ಕೇಳುವುದಿಲ್ಲ. ಓದಲಿ ಬಿಡಿ.

ಆದರೆ ನಾನು ಸೋತದ್ದು ವರ್ಷನ್ ಹಿಸ್ಟರಿಗೆ. ಫೈಲ್ ಮೆನುವಿನಲ್ಲಿ ಇದೆ, ಬಹಳ ಜನ ಒತ್ತಿಯೇ ನೋಡಿರುವುದಿಲ್ಲ. ಯಾರು ಯಾವ ದಿನ, ಎಷ್ಟು ಗಂಟೆಗೆ, ಯಾವ ಸಾಲು ಬರೆದರು, ಯಾವುದನ್ನು ಅಳಿಸಿದರು, ಎಲ್ಲ ಬಣ್ಣ ಬಣ್ಣದಲ್ಲಿ ಕಾಣುತ್ತದೆ. ಒಮ್ಮೆ ಪರೀಕ್ಷೆಯ ಹಿಂದಿನ ರಾತ್ರಿ ಫೋನ್ ಬಂತು. "ಸರ್, ಎಲ್ಲಾ ಹೋಗೇದ್ರಿ!" ನಲವತ್ತು ಪುಟದ ನೋಟ್ಸ್ ಇದ್ದ ಕಡೆ ಬರೀ ಬಿಳಿ ಹಾಳೆ. ಒಬ್ಬ ಹುಡುಗಿಯ ಫೋನ್ ಅವಳ ಪುಟ್ಟ ತಮ್ಮನ ಕೈಗೆ ಸಿಕ್ಕಿತ್ತಂತೆ. ಹಿಸ್ಟರಿ ತೆರೆದೆ, ಸಂಜೆಯ ಪ್ರತಿ ಆರಿಸಿದೆ, ವಾಪಸ್ ತಂದೆ. ಚಪ್ಪಾಳೆ ತಟ್ಟುವಷ್ಟು ಖುಷಿಯಾಗಿತ್ತು.

ಆಮೇಲೆ ಅದೇ ನನ್ನ ತಲೆಗೇರಿತು. ಗುಂಪು ಪ್ರಾಜೆಕ್ಟಿನ ಅಂಕವನ್ನೂ ಹಿಸ್ಟರಿ ನೋಡಿಯೇ ಹಾಕತೊಡಗಿದೆ. ಒಂದು ಗುಂಪಿಗೆ ಬಿದ್ರಿ ಹೂಜಿಯ ಕಾಸ್ಟ್ ಶೀಟ್ ಕೊಟ್ಟಿದ್ದೆ. ಸತು, ಸ್ವಲ್ಪ ತಾಮ್ರ, ಬೆಳ್ಳಿ ತಂತಿ, ಕೂಲಿ, ಕೊನೆಗೆ ಕಪ್ಪು ಬಣ್ಣ ಬರಿಸುವ ನವಸಾಗರ ಮತ್ತು ಕೋಟೆಯ ಮಣ್ಣು. ಶೀಟು ಅಚ್ಚುಕಟ್ಟಾಗಿತ್ತು. ಮಣ್ಣಿನ ಎದುರು ಸೊನ್ನೆ ಹಾಕಿ, ಪಕ್ಕದಲ್ಲಿ "ಇದಕ್ಕೆ ರೇಟ್ ಏನು ಹಾಕೋದು?" ಎಂದು ಕಮೆಂಟ್ ಬೇರೆ. ಹಿಸ್ಟರಿಯಲ್ಲಿ ಪೂರ್ತಿ ಒಬ್ಬನದೇ ಹಸಿರು ಬಣ್ಣ. ಇನ್ನೊಬ್ಬ ಹುಡುಗನ ಹೆಸರೇ ಇಲ್ಲ. ಅವನಿಗೆ ಹತ್ತಕ್ಕೆ ಮೂರು ಕೊಟ್ಟೆ.

ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. "ಸರ್, ನನ್ ಬಲ್ಲಿ ಫೋನ್ ಇಲ್ರಿ. ನಾ ಹೇಳೀನಿ, ಅಂವ ಬರ್ದಾನ್ರಿ." ಅವರಪ್ಪ ಬಿದ್ರಿ ಕೆಲಸದವರು. ಲೆಕ್ಕವೆಲ್ಲ ಅವನ ಮನೆಯದೇ.

ನಮ್ಮೂರಿನವನಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್, ಬಹಮನಿಗಳ ಅಷ್ಟು ದೊಡ್ಡ ಮಂತ್ರಿ, ತಲೆ ಕಳೆದುಕೊಂಡದ್ದು ಯಾಕೆ? ಆಗದವರು ಖಾಲಿ ಕಾಗದಕ್ಕೆ ಅವನ ಮುದ್ರೆ ಒತ್ತಿಸಿಕೊಂಡು, ಮೇಲೆ ದ್ರೋಹದ ಪತ್ರ ಬರೆದರು. ಮುದ್ರೆ ಅವನದೇ, ಮಾತು ಅವನದಲ್ಲ. ಸುಲ್ತಾನ ಮುದ್ರೆ ನೋಡಿ 1481ರಲ್ಲಿ ಕೊಲ್ಲಿಸಿಬಿಟ್ಟ, ಆಮೇಲೆ ಪಶ್ಚಾತ್ತಾಪ ಪಟ್ಟ. ನಾನೂ ಕೀಲಿ ಒತ್ತಿದ ಬೆರಳು ನೋಡಿ ಅಂಕ ಹಾಕಿದ್ದೆ. ಹುಡುಗನ ಅಂಕ ತಿದ್ದಿದೆ. ಈಗ ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿಯೇ ಅಂಕ.

ಹಿಸ್ಟರಿಯ ಮೇಲೆ ನಂಬಿಕೆ ಇನ್ನಷ್ಟು ಹೋದದ್ದು ಹೋದ ವರ್ಷ. ನಮ್ಮ ಪ್ರಶ್ನೆ ಬ್ಯಾಂಕ್ ಕಟ್ಟಿದ್ದು ನನ್ನ ಜೊತೆಗಿದ್ದ ಒಬ್ಬ ಮೇಡಂ. ಅತಿಥಿ ಉಪನ್ಯಾಸಕಿ, ಸಂಬಳ ಎಷ್ಟು ಅಂತ ಹೇಳಲು ನನಗೇ ನಾಚಿಕೆ. ಮಕ್ಕಳು ಕಮೆಂಟಿನಲ್ಲಿ ಕೇಳಿದ ಒಂದೊಂದು ದಡ್ಡ ಪ್ರಶ್ನೆಗೂ ಬೇಸರವಿಲ್ಲದೆ ಉತ್ತರ ಬರೆಯುತ್ತಿದ್ದರು. ಹಿಸ್ಟರಿಯಲ್ಲಿ ಅವರ ಹೆಸರಿನ ಮುಂದೆ ರಾತ್ರಿ 11:20, 11:45, ಒಮ್ಮೆ 12:10. ಇಂಥವರನ್ನು ಬಿಡಬಾರದು, ಸಂಬಳ ಜಾಸ್ತಿ ಮಾಡಿ ಅಂತ ಹೇಳಲು ಆ ಪುಟಗಳ ಪ್ರಿಂಟ್ ತೆಗೆದುಕೊಂಡು ಆಡಳಿತ ಮಂಡಳಿಯವರ ಹತ್ತಿರ ಹೋದೆ. ಕನ್ನಡಕ ಏರಿಸಿ ನೋಡಿದರು. "ರಾತ್ರಿ ಮಾಡ್ಲತ್ತಾರಂದ್ರ, ಹಗಲೆಲ್ಲ ಕಾಲೇಜಿನಾಗ ಏನ್ ಮಾಡ್ತಾರ್ರೀ?"

ಎರಡು ತಿಂಗಳಿಗೆ ಮೇಡಂ ಹೈದರಾಬಾದಿನ ಕೆಲಸ ಹಿಡಿದರು. ಆಗ ಶುರುವಾಯಿತು ಗಾಬರಿ. ಪ್ರಶ್ನೆ ಬ್ಯಾಂಕ್ ಇದ್ದದ್ದು ಅವರ ಸ್ವಂತ ಜಿಮೇಲ್‌ನಲ್ಲಿ. ಮಾಲೀಕರೂ ಅವರೇ, ಅಳಿಸಿದರೆ ಎಲ್ಲರಿಗೂ ಹೋದ ಹಾಗೇ. ಅರ್ಹ ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ವರ್ಕ್‌ಸ್ಪೇಸ್ ಉಚಿತವಾಗಿಯೂ ಸಿಗುತ್ತದೆ, ಫೈಲುಗಳು ಸಂಸ್ಥೆಯ ಖಾತೆಯಲ್ಲೇ ಇರುತ್ತವೆ, ಅರ್ಜಿ ಹಾಕೋಣ ಅಂತ ನಾನು ಎರಡು ಸಲ ಹೇಳಿದ್ದೆ. ಈ ವಿಮರ್ಶೆ ಓದುವ ಮೇಷ್ಟ್ರುಗಳೇ, ಇದೊಂದನ್ನು ಮೊದಲು ಮಾಡಿಸಿ.

ಮೇಡಂ ಹಾಗೆಲ್ಲ ಮಾಡುವವರಲ್ಲ. ಹೋಗುವ ಮುನ್ನಾದಿನ ಮಾಲೀಕತ್ವ ನನ್ನ ಹೆಸರಿಗೆ ಕಳಿಸಿದರು. ಒಪ್ಪಿಕೊಳ್ಳುತ್ತೀರಾ ಎಂದು ಗೂಗಲ್‌ನಿಂದ ಮೇಲ್ ಬಂತು. ಎರಡು ದಿನ ಒತ್ತಲಿಲ್ಲ. ಸುಮ್ನೆ, ಮನಸ್ಸಾಗಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಮ್ಮಿ ಮಾಡಿದ್ದು ಹಿಸ್ಟರಿಗೆ ಅಂತಲೇ ಇಟ್ಟುಕೊಳ್ಳಿ. ಮೊನ್ನೆ ಮೂರನೇ ಘಟಕದಲ್ಲಿ ಒಂದು ಲೆಕ್ಕ ತಪ್ಪಿತ್ತು. ಹಳೇ ಅಭ್ಯಾಸಕ್ಕೆ ಮೇಡಂ ಹೆಸರನ್ನೇ ಟ್ಯಾಗ್ ಮಾಡಿ ಕಮೆಂಟ್ ಹಾಕಿಬಿಟ್ಟೆ. ಎಡಿಟ್ ಮಾಡುವ ಅನುಮತಿ ಅವರಿಗೆ ಇನ್ನೂ ಇದೆ, ನಾನು ತೆಗೆದಿಲ್ಲ. ಬೆಳಗ್ಗೆ ಚಹಾ ಹೊತ್ತಿಗೆ ತೆರೆದರೆ ಲೆಕ್ಕ ಸರಿಯಾಗಿತ್ತು. ಹಿಸ್ಟರಿಯಲ್ಲಿ ಅವರ ಹೆಸರು, ರಾತ್ರಿ 11:35.