ತೋಟದ್ದು, ಕಾಡಿನದ್ದು, ಹಡಗಿನದ್ದು: ಮೂರು ಬ್ಲೂಬೆರ್ರಿ, ಒಂದು ಅಡುಗೆಮನೆ

ಜುಲೈ ಮೊದಲ ವಾರ. ನ್ಯೂಜೆರ್ಸಿಯ ಹ್ಯಾಮಂಟನ್ ಹತ್ತಿರದ ಒಂದು ತೋಟ. ನಾನು, ಅಮ್ಮ, ಮಗಳು ಮೂವರೂ ಸೊಂಟಕ್ಕೆ ಬಕೆಟ್ ಕಟ್ಟಿಕೊಂಡು ಗಿಡಗಳ ಸಾಲಿನ ನಡುವೆ ನಿಂತಿದ್ದೆವು. ಗಿಡ ಅಮ್ಮನಿಗಿಂತ ಒಂದು ಗೇಣು ಎತ್ತರ. ಅಮ್ಮ ಒಂದು ಹಣ್ಣು ಕಿತ್ತಳು, ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಹೋದ ಸಲ ಬಂದಾಗ ನೀನು ಡಬ್ಬಿಯಿಂದ ತೆಗೆದುಕೊಟ್ಟೆಯಲ್ಲ, ಅದೂ ಇದೇ ಹಣ್ಣಾ? ಅದಕ್ಕೆ ರುಚಿಯೇ ಇರಲಿಲ್ಲ."

ಹೋದ ಸಲ ಅವಳು ಬಂದಿದ್ದು ನವೆಂಬರಿನಲ್ಲಿ. ಡಬ್ಬಿಯ ಮೇಲೆ ಪೆರು ದೇಶದ ಹೆಸರಿತ್ತು.

ಅಮ್ಮನ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಮ್ಮ ಮನೆಗೆ ವರ್ಷವಿಡೀ ಬ್ಲೂಬೆರ್ರಿ ಬರುತ್ತದೆ. ಬೇಸಿಗೆಯಲ್ಲಿ ತೋಟದ್ದು, ಚಳಿಗಾಲದಲ್ಲಿ ಹಡಗಿನಲ್ಲಿ ಬಂದಿದ್ದು, ಮತ್ತೆ ಫ್ರೀಜರಿನಲ್ಲಿ ಯಾವಾಗಲೂ ಇರುವ ಮೇನ್ ರಾಜ್ಯದ ಸಣ್ಣ ಕಾಡು ಹಣ್ಣಿನ ಚೀಲ. ಮೂರಕ್ಕೂ ಒಂದೇ ಹೆಸರು. ಹಾಗಾದರೆ ಯಾವುದು ಯಾವುದಕ್ಕೆ ಸರಿ? ಮೂರನ್ನೂ ತಾಜಾ ತಾಜಾ ಒಂದೇ ದಿನ ಪಕ್ಕದಲ್ಲಿಟ್ಟು ನೋಡಲು ಆಗುವುದಿಲ್ಲ, ಋತು ಬೇರೆ ಬೇರೆ. ಅದಕ್ಕೇ ಒಂದು ವರ್ಷ ಒಂದೇ ಅಳತೆ, ಒಂದೇ ಪಾತ್ರೆ, ಒಂದೇ ಅಡುಗೆ ಇಟ್ಟುಕೊಂಡು ಮಾಡಿ ಬರೆದಿಟ್ಟೆ.

ಮೊದಲು ತೋಟದ ಹಣ್ಣಿನ ಕಥೆ ಹೇಳಬೇಕು. ಈ ಊರಿನ ಹಣ್ಣು ಅಂತ ನಾನು ಹೆಮ್ಮೆಪಡುವುದಕ್ಕೆ ಕಾರಣವಿದೆ. ಇವತ್ತು ಅಂಗಡಿಯಲ್ಲಿ ಕಾಣುವ ದಪ್ಪ ಬ್ಲೂಬೆರ್ರಿ ಕೃಷಿ ಬೆಳೆಯಾಗಿ ಹುಟ್ಟಿದ್ದೇ ಇಲ್ಲಿ. ದಕ್ಷಿಣ ನ್ಯೂಜೆರ್ಸಿಯ ಪೈನ್ ಬ್ಯಾರನ್ಸ್ ಅಂದರೆ ಮರಳು ಮಣ್ಣು, ಹುಳಿ ಮಣ್ಣು, ಪೈನ್ ಕಾಡು. ಹೆಚ್ಚಿನ ಬೆಳೆಗಳು ಬಾರದ ಈ ನೆಲದಲ್ಲಿ ಬ್ಲೂಬೆರ್ರಿ ತಾನಾಗಿಯೇ ಬೆಳೆಯುತ್ತಿತ್ತು. ಜನ ಕಾಡಿಗೆ ಹೋಗಿ ಕಿತ್ತು ತರುತ್ತಿದ್ದರು. ತೋಟ ಮಾಡಲು ಆಗುವುದೇ ಇಲ್ಲ ಅಂತ ನಂಬಿದ್ದರು.

ಫ್ರೆಡೆರಿಕ್ ಕೊವಿಲ್ ಅಂತ ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಒಬ್ಬರಿದ್ದರು. ಈ ಗಿಡಕ್ಕೆ ಗೊಬ್ಬರ ಹಾಕಿದ ಒಳ್ಳೆ ಮಣ್ಣಲ್ಲ, ಹುಳಿ ಮಣ್ಣೇ ಬೇಕು ಅಂತ ಪ್ರಯೋಗ ಮಾಡಿ ತೋರಿಸಿದವರು ಅವರು. ವೈಟ್ಸ್‌ಬಾಗ್ ಎಂಬಲ್ಲಿ ಕ್ರ್ಯಾನ್‌ಬೆರ್ರಿ ತೋಟ ಮಾಡಿದ್ದ ಮನೆಯ ಮಗಳು ಎಲಿಜಬೆತ್ ವೈಟ್ 1911ರಲ್ಲಿ ಅವರ ವರದಿ ಓದಿದರು. ಓದಿ ಸುಮ್ಮನಿರಲಿಲ್ಲ. ನಮ್ಮ ಜಮೀನು ಕೊಡುತ್ತೇವೆ, ಇಲ್ಲೇ ಬಂದು ಪ್ರಯೋಗ ಮಾಡಿ ಅಂತ ಕಾಗದ ಬರೆದರು. ಆಮೇಲೆ ಸುತ್ತಲಿನ ಕಾಡು ಬಲ್ಲ ಜನರ ಕೈಗೆ ತೂತು ಮಾಡಿದ ಒಂದು ಅಳತೆ ಪಟ್ಟಿ ಕೊಟ್ಟರು. ತೂತಿನ ಅಗಲ ಸುಮಾರು 16 ಮಿಲಿಮೀಟರ್. ಹಣ್ಣು ಅದರಲ್ಲಿ ತೂರದಷ್ಟು ದಪ್ಪ ಇದ್ದರೆ ಮಾತ್ರ ಆ ಗಿಡ ಬೇಕು. ಗಿಡ ತೋರಿಸಿದವರಿಗೆ ಹಣ, ಜೊತೆಗೆ ಗಿಡಕ್ಕೆ ಅವರದೇ ಹೆಸರು. ರೂಬ್ ಲೀಕ್ ಎಂಬುವರು ತೋರಿಸಿದ ಗಿಡ ಹೀಗೆಯೇ 'ರೂಬೆಲ್' ಆಯಿತು. ಆ ತಳಿ ಇವತ್ತಿಗೂ ಬೆಳೆಯುತ್ತದೆ. 1916ರಲ್ಲಿ ವೈಟ್ಸ್‌ಬಾಗಿನ ಮೊದಲ ಬೆಳೆ ಮಾರುಕಟ್ಟೆಗೆ ಹೋಯಿತು. ಅಂದರೆ ಈ ಹಣ್ಣು ತೋಟದ ಬೆಳೆಯಾಗಿ ಇನ್ನೂ ನೂರು ಚಿಲ್ಲರೆ ವರ್ಷ ಅಷ್ಟೇ. ನಮ್ಮ ಅಡಿಕೆ, ಮೆಣಸಿನ ಲೆಕ್ಕದಲ್ಲಿ ನಿನ್ನೆ ಮೊನ್ನೆಯ ಕೂಸು.

ಆದರೆ ತಿನ್ನುವುದಕ್ಕೆ ಬಂದರೆ ಕಥೆ ತುಂಬಾ ಹಳೆಯದು. ಇಲ್ಲಿನ ಮೂಲ ಜನ ಇದನ್ನು ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು, ಮಾಂಸಕ್ಕೆ, ಗಂಜಿಗೆ ಹಾಕುತ್ತಿದ್ದರು. ಹಣ್ಣಿನ ತುದಿ ನೋಡಿ, ಐದು ಮೂಲೆಯ ಪುಟ್ಟ ನಕ್ಷತ್ರ ಇರುತ್ತದೆ. ಅದಕ್ಕೇ ನಕ್ಷತ್ರದ ಹಣ್ಣು ಎಂದೂ ಕರೆಯುತ್ತಿದ್ದರಂತೆ. ಮೇನ್ ರಾಜ್ಯದ ಕಡೆ ವಾಬನಾಕಿ ಜನ ಹೊಲಕ್ಕೆ ಬೆಂಕಿ ಕೊಟ್ಟು ಗಿಡ ಹೊಸದಾಗಿ ಚಿಗುರುವಂತೆ ಮಾಡುತ್ತಿದ್ದರು. ನನ್ನ ಫ್ರೀಜರಿನ ಕಾಡು ಹಣ್ಣು ಬರುವುದು ಅಲ್ಲಿಂದಲೇ. ಅದು ಬೇರೆಯೇ ಜಾತಿ. ಗಿಡ ಮೊಣಕಾಲೆತ್ತರವೂ ಇರುವುದಿಲ್ಲ. ಯಾರೂ ನೆಡುವುದಿಲ್ಲ, ನೆಲದಡಿ ಬೇರುಕಾಂಡ ಹರಿದು ತಾನೇ ಹಬ್ಬುತ್ತದೆ. ಒಂದು ವರ್ಷ ಹೊಲವನ್ನು ಸುಟ್ಟು ಅಥವಾ ಬುಡಕ್ಕೆ ಸವರಿ ಬಿಡುತ್ತಾರೆ, ಮರುವರ್ಷ ಆಗಸ್ಟಿನಲ್ಲಿ ಬಾಚಣಿಗೆಯಂಥ ಸಾಧನದಿಂದ ಬಾಚಿ ತೆಗೆಯುತ್ತಾರೆ. ಬಹುಪಾಲು ಹಣ್ಣು ತಕ್ಷಣ ಫ್ರೀಜ್ ಆಗುತ್ತದೆ.

ಪೆರುವಿನದ್ದು ಹೊಸ ಕಥೆ. ಕರಾವಳಿಯ ಮರುಭೂಮಿಗೆ ನೀರು ಹರಿಸಿ, ಹತ್ತು ಹದಿನೈದು ವರ್ಷದಲ್ಲಿ ಪ್ರಪಂಚಕ್ಕೇ ದೊಡ್ಡ ರಫ್ತುದಾರರಾದರು. ನಮ್ಮಲ್ಲಿ ಹಣ್ಣು ಮುಗಿದ ಮೇಲೆ ಅವರಲ್ಲಿ ಶುರು.

ಇನ್ನು ನನ್ನ ತೂಕ ಮತ್ತು ಎಣಿಕೆ. ಅಡುಗೆಮನೆಯ ತಕ್ಕಡಿಯಲ್ಲಿ 50 ಗ್ರಾಂ ಇಟ್ಟು ಎಣಿಸಿದೆ. ಪೆರುವಿನದ್ದು 21 ಹಣ್ಣು. ತೋಟದ್ದು 29. ಕಾಡಿನದ್ದು 150 ದಾಟಿತು, ಮಗಳು ಅಲ್ಲಿಗೆ ಎಣಿಸುವುದು ಬಿಟ್ಟಳು. ಇದು ಸುಮ್ನೆ ಎಣಿಸಿದ್ದಲ್ಲ. ಈ ಹಣ್ಣಿನ ಬಣ್ಣ, ಒಗರು, ಪರಿಮಳದ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಹಣ್ಣು ಚಿಕ್ಕದಾದಷ್ಟೂ ಅದೇ ತೂಕಕ್ಕೆ ಸಿಪ್ಪೆ ಜಾಸ್ತಿ. ಇದೊಂದು ತಿಳಿದರೆ ಮುಂದಿನ ಎಲ್ಲ ಫಲಿತಾಂಶವೂ ಅರ್ಥವಾಗುತ್ತದೆ.

ಹಾಗೇ ತಿನ್ನುವುದರಲ್ಲಿ ತೋಟದ ಹಣ್ಣಿಗೆ ಸಾಟಿ ಇಲ್ಲ. ಬ್ಲೂಬೆರ್ರಿ ಕಿತ್ತ ಮೇಲೆ ಬಣ್ಣ ತಿರುಗಬಹುದು, ಮೆತ್ತಗಾಗಬಹುದು, ಆದರೆ ಸಿಹಿ ಏರುವುದಿಲ್ಲ. ಮಾವಿನ ಹಾಗೆ ಹುಲ್ಲಿನಲ್ಲಿಟ್ಟು ಹಣ್ಣು ಮಾಡಲು ಆಗುವುದಿಲ್ಲ. ಸಿಹಿ ಬರಬೇಕಾದರೆ ಗಿಡದಲ್ಲೇ ಇರಬೇಕು. ತೋಟದವರು ನಮಗೆ ಹೇಳಿಕೊಟ್ಟಿದ್ದು ಇದು: ತೊಟ್ಟಿನ ಸುತ್ತ ನೋಡಿ. ಕೆಂಪು ಉಂಗುರ ಕಂಡರೆ ಇನ್ನೂ ಬಿಡಿ. ಪೂರ್ತಿ ನೀಲಿಯಾಗಿ, ಬೂದಿ ಬಳಿದ ಹಾಗಿದ್ದರೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿ. ಹಣ್ಣಾಗಿದ್ದು ತಾನೇ ಅಂಗೈಗೆ ಬೀಳುತ್ತದೆ, ಎಳೆಯಬೇಕಾಗಿಲ್ಲ. ನಿಜವಾಗಿ ಹಾಗೇ ಆಯಿತು. ಒಂದು ಗೊಂಚಲಿನಲ್ಲಿ ಐದು ಬಿದ್ದವು, ಮೂರು ಗಟ್ಟಿಯಾಗಿ ಕೂತವು. ಕೂತವನ್ನು ಬಿಟ್ಟು ಬಂದೆವು. ನಾವು ಕಿತ್ತಿದ್ದು 'ಬ್ಲೂಕ್ರಾಪ್' ತಳಿ, 1952ರಲ್ಲಿ ಬಂದಿದ್ದು. ಜೂನಿನಲ್ಲಿ ಹೋದರೆ 'ಡ್ಯೂಕ್' ಸಿಗುತ್ತದೆ. ನನಗೆ ಬ್ಲೂಕ್ರಾಪೇ ಇಷ್ಟ, ಕೊನೆಗೆ ಒಂದಿಷ್ಟು ಹುಳಿ ಉಳಿಯುತ್ತದೆ.

ಪೆರುವಿನದ್ದು ನೋಡಲು ತುಂಬಾ ಚೆಂದ. ಕಚ್ಚಿದರೆ ಕಟ್ ಅಂತ ಶಬ್ದ ಬರುತ್ತದೆ. ವಾರಗಟ್ಟಲೆ ಪ್ರಯಾಣ ತಡೆಯುವ ಹಣ್ಣು ಅದು. ನಾನು ತಂದ ನಾಲ್ಕು ಡಬ್ಬಿಯಲ್ಲಿ ಒಂದು ಚೆನ್ನಾಗಿತ್ತು, ಮೂರು ಬರೀ ಸಿಹಿನೀರು. ಫ್ರೀಜರಿನ ಕಾಡು ಹಣ್ಣನ್ನು ಕರಗಿಸಿ ಹಾಗೇ ತಿನ್ನಲು ಹೋಗಬೇಡಿ, ಮೆತ್ತಗೆ ಜಜ್ಜಿದ ಹಾಗಿರುತ್ತದೆ. ಐಸ್ ಇದ್ದಂತೆಯೇ ಬಾಯಿಗೆ ಹಾಕಿಕೊಂಡರೆ ಬೇರೆ ಮಾತು. ಮಗಳು ಅದನ್ನು ಗೋಲಿಯ ಹಾಗೆ ತಿನ್ನುತ್ತಾಳೆ.

ಅಡುಗೆಯಲ್ಲಿ ನಾನು ಅಂದುಕೊಂಡಿದ್ದು ತಿರುಗುಮುರುಗಾಯಿತು. ನಮ್ಮದು ಸಾಗರದ ಕಡೆ. ಅನಾನಸ್ ಮೆಣಸ್ಕಾಯಿ ಇಲ್ಲದೆ ಮದುವೆ ಊಟ ಆಗುವುದಿಲ್ಲ. ಅದೇ ಮಸಾಲೆಯಲ್ಲಿ ಬ್ಲೂಬೆರ್ರಿ ಮೆಣಸ್ಕಾಯಿ ಮಾಡಿದೆವು. ಎರಡು ಕಪ್ ಹಣ್ಣಿಗೆ ಒಂದು ದೊಡ್ಡ ಚಮಚ ಎಳ್ಳು, ಒಂದು ಚಮಚ ಉದ್ದಿನಬೇಳೆ, ಒಂದು ಚಮಚ ಕೊತ್ತಂಬರಿ ಬೀಜ, ಏಳೆಂಟು ಕಾಳು ಮೆಂತೆ, ನಾಲ್ಕು ಬ್ಯಾಡಗಿ ಮೆಣಸು. ಎಲ್ಲ ಹುರಿದು, ಅರ್ಧ ಕಪ್ ಕಾಯಿತುರಿ ಜೊತೆ ರುಬ್ಬಬೇಕು. ಹಣ್ಣನ್ನು ಉಪ್ಪು, ಬೆಲ್ಲ, ಹುಣಸೆರಸ ಹಾಕಿ ಐದೇ ನಿಮಿಷ ಬೇಯಿಸಿ, ರುಬ್ಬಿದ್ದು ಸೇರಿಸಿ ಒಂದು ಕುದಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ. ಅರಿಶಿನ ಹಾಕಬೇಡಿ. ಹಳದಿಯೂ ನೇರಳೆಯೂ ಸೇರಿ ಕೆಸರಿನ ಬಣ್ಣ ಬರುತ್ತದೆ, ಮೊದಲ ಸಲ ನನಗೆ ಹಾಗೇ ಆಯಿತು.

ಪೆರುವಿನ ಹಣ್ಣು ಈ ಬಾಣಲೆಯಲ್ಲಿ ನಿಲ್ಲಲಿಲ್ಲ. ಸಿಪ್ಪೆ ಸುಲಿದು ಮೇಲೆ ತೇಲಿತು, ಕೆಳಗೆ ನೀರು. ಬೆಲ್ಲ, ಹುಣಸೆ ಎರಡನ್ನೂ ಹೆಚ್ಚು ಮಾಡಬೇಕಾಯಿತು. ತೋಟದ್ದು ರುಚಿಯಾಗಿತ್ತು, ಆದರೆ ಮಸಾಲೆಯ ಕೆಳಗೆ ಮುಚ್ಚಿಹೋಯಿತು. ಮೂರನೆಯದು, ಕಾಡು ಹಣ್ಣು. ಚೀಲದಿಂದ ಹಾಗೇ ಸುರಿದೆ. ಫ್ರೀಜ್ ಆದಾಗಲೇ ಒಳಗೆ ಒಡೆದಿರುವುದರಿಂದ ಎರಡು ನಿಮಿಷದಲ್ಲಿ ರಸ ಬಿಟ್ಟಿತು. ಬಣ್ಣ ಬೀಟ್‌ರೂಟಿಗಿಂತ ಗಾಢ. ತನ್ನದೇ ಹುಳಿ ಇತ್ತು, ಹುಣಸೆ ಅರ್ಧ ಸಾಕಾಯಿತು. ಸಿಪ್ಪೆಯ ಒಗರು ಎಳ್ಳಿನ ಜೊತೆ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಅಮ್ಮ ಬಿಸಿ ಅನ್ನಕ್ಕೆ ಎರಡನೇ ಸಲ ಬಡಿಸಿಕೊಂಡಳು. ಊರಿನ ತೋಟದ ಹಣ್ಣೇ ಗೆಲ್ಲಲಿ ಅಂತ ನನಗೆ ಆಸೆ ಇತ್ತು. ಗೆಲ್ಲಲಿಲ್ಲ.

ಜಾಮಿನಲ್ಲೂ ಇದೇ ಫಲ. ಶ್ರೀಖಂಡಕ್ಕೂ ಕಾಡು ಹಣ್ಣೇ. ಬೇಯಿಸಿ ಆರಿಸಿದ ಎರಡು ಚಮಚ ಸಾಕು, ಇಡೀ ಬಟ್ಟಲು ನೇರಳೆ.

ಬೇಯಿಸದ ಅಡುಗೆಯಲ್ಲಿ ಮಾತ್ರ ತೋಟದ್ದು ಮತ್ತೆ ಮೇಲೆ ಬಂತು. ಅಮ್ಮ ಮಾವಿನಹಣ್ಣಿನ ಸಾಸಿವೆ ಮಾಡುವ ಹಾಗೆಯೇ ಇದರ ಸಾಸಿವೆ ಮಾಡಿದಳು. ಕಾಯಿತುರಿ, ಕಾಲು ಚಮಚ ಸಾಸಿವೆ, ಒಂದು ಒಣಮೆಣಸು ರುಬ್ಬಿ, ಚೂರು ಬೆಲ್ಲ, ಉಪ್ಪು, ಎರಡು ಹೋಳು ಮಾಡಿದ ಹಸಿ ಹಣ್ಣು. ಸಾಸಿವೆಯ ಘಾಟು ಮೂಗಿಗೆ ಏರುವ ಹೊತ್ತಿಗೆ ಹಣ್ಣಿನ ಸಿಹಿ ಬರುತ್ತದೆ. ಇದನ್ನು ಜುಲೈನಲ್ಲಿ ಮಾತ್ರ ಮಾಡಿ.

ಪಡ್ಡು ಮಾಡುವವರಿಗೆ ಒಂದು ಎಚ್ಚರಿಕೆ. ಹಿಟ್ಟಿಗೆ ಅಡುಗೆ ಸೋಡಾ ಹಾಕಿದ್ದರೆ ಹಣ್ಣಿನ ಸುತ್ತ ಹಸಿರು ಕಲೆ ಏಳುತ್ತದೆ. ಮಗಳು ಬೂಸ್ಟು ಬಂದಿದೆ ಅಂತ ತಟ್ಟೆ ಸರಿಸಿದಳು. ಕೆಟ್ಟಿದ್ದಲ್ಲ ಅದು. ಆಂಥೋಸಯನಿನ್ ಎಂಬ ಬಣ್ಣದ ಗುಣವೇ ಹಾಗೆ, ಹುಳಿ ಸಿಕ್ಕರೆ ಕೆಂಪಾಗುತ್ತದೆ, ಸೋಡಾ ಸಿಕ್ಕರೆ ನೀಲಿ ಹಸಿರಾಗುತ್ತದೆ. ಚೆನ್ನಾಗಿ ಹುಳಿ ಬಂದ ಹಿಟ್ಟಿಗೆ ಸೋಡಾ ಇಲ್ಲದೆ ಹಾಕಿದರೆ ಬಣ್ಣ ಉಳಿಯುತ್ತದೆ.

ಪೆರುವಿನದ್ದಕ್ಕೆ ಕೆಲಸವೇ ಇಲ್ಲ ಅಂದುಕೊಳ್ಳಬೇಡಿ. ಮೊಸರನ್ನಕ್ಕೆ ದ್ರಾಕ್ಷಿ, ದಾಳಿಂಬೆ ಹಾಕುತ್ತೇವಲ್ಲ, ಆ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ಗಟ್ಟಿ ಸಿಪ್ಪೆ ಬಣ್ಣ ಬಿಡುವುದಿಲ್ಲ. ಮಧ್ಯಾಹ್ನದ ಡಬ್ಬಿಯಲ್ಲೂ ಅನ್ನ ಬೆಳ್ಳಗೇ ಇರುತ್ತದೆ.

ಆರೋಗ್ಯದ ವಿಷಯದಲ್ಲಿ ಇದರ ಬಗ್ಗೆ ಹೊಗಳಿಕೆ ಸ್ವಲ್ಪ ಅತಿಯಾಗಿದೆ ಅನ್ನಿಸುತ್ತದೆ. 100 ಗ್ರಾಂ ಹಣ್ಣಿನಲ್ಲಿ 57 ಕ್ಯಾಲೊರಿ, ಸುಮಾರು 10 ಗ್ರಾಂ ಸಕ್ಕರೆ, 2.4 ಗ್ರಾಂ ನಾರು, 10 ಮಿಲಿಗ್ರಾಂ ಹತ್ತಿರ ವಿಟಮಿನ್ ಸಿ. ವಿಟಮಿನ್ ಸಿ ಬೇಕು ಅಂತ ಇದನ್ನು ಕೊಳ್ಳುವುದಾದರೆ ಸೀಬೆಹಣ್ಣು ತಿನ್ನಿ, ಅದರಲ್ಲಿ 200 ಮಿಲಿಗ್ರಾಂ ಮೀರಿ ಇದೆ. ಬ್ಲೂಬೆರ್ರಿಯ ನಿಜವಾದ ಆಸ್ತಿ ಆ ನೀಲಿ ಬಣ್ಣವೇ. ಸಿಪ್ಪೆ ಜಾಸ್ತಿ ಇರುವ ಕಾಡು ಹಣ್ಣಿನಲ್ಲಿ ಅದೂ ಜಾಸ್ತಿ, ನಾರೂ ಜಾಸ್ತಿ. ಫ್ರೀಜ್ ಮಾಡಿದರೆ ಬಣ್ಣದ ಅಂಶ ಅಷ್ಟಾಗಿ ಹೋಗುವುದಿಲ್ಲ, ತುಂಬಾ ಹೊತ್ತು ಕುದಿಸಿದರೆ ಹೋಗುತ್ತದೆ. ಮೆಣಸ್ಕಾಯಿಗೆ ಐದೇ ನಿಮಿಷ ಅಂದಿದ್ದು ಅದಕ್ಕೂ ಸೇರಿ. ಇನ್ನು ನನ್ನ ಅಮ್ಮನ ಹಾಗೆ ಸಕ್ಕರೆ ಕಾಯಿಲೆ ಇರುವವರು ಹಣ್ಣಿಗಿಂತ ಬೆಲ್ಲದ ಲೆಕ್ಕ ನೋಡಿಕೊಳ್ಳಬೇಕು. ಕಾಡು ಹಣ್ಣಿನ ಮೆಣಸ್ಕಾಯಿಗೆ ನಾವು ಹಾಕಿದ್ದು ಒಂದು ನೆಲ್ಲಿಕಾಯಿ ಗಾತ್ರ, ಅಷ್ಟೇ.

ತೋಟದಿಂದ ತಂದಿದ್ದನ್ನು ಉಳಿಸುವುದು ಹೇಗೆ ಅಂತ ಕೇಳುತ್ತೀರಿ ಅಲ್ವಾ? ತೊಳೆಯಬೇಡಿ. ಮೇಲಿರುವ ಬೂದಿಯಂಥದ್ದು ಹಣ್ಣಿನದೇ ಮೇಣ, ಅದು ಹೋದರೆ ಬೇಗ ಕೆಡುತ್ತದೆ. ಜಜ್ಜಿದ್ದು ಒಂದೂ ಇರದ ಹಾಗೆ ಆರಿಸಿ, ಅಗಲ ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ರೀಜರಿಗೆ ಇಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಬಳಸುವಾಗ ತೊಳೆದುಕೊಳ್ಳಿ. ನಾವು ಕಿತ್ತ ಐದು ಕಿಲೋದಲ್ಲಿ ಮೂರು ಕಿಲೋ ನಾಲ್ಕು ದಿನದಲ್ಲೇ ಖಾಲಿಯಾಯಿತು. ಉಳಿದಿದ್ದು ಮೇನ್ ಚೀಲದ ಪಕ್ಕ ಕೂತಿದೆ.

ಊರಿಗೆ ಹೊರಡುವ ಹಿಂದಿನ ದಿನ ಅಮ್ಮ ಮೆಣಸ್ಕಾಯಿಗೆ ಬೇಕಾದ್ದನ್ನೆಲ್ಲ ಹುರಿದು ಪುಡಿ ಮಾಡಿ ಒಂದು ಬಾಟಲಿ ತುಂಬಿಸಿಟ್ಟಳು. ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದಾಳೆ: "ಇದಕ್ಕೆ ಸಣ್ಣ ಹಣ್ಣು ಹಾಕು. ದೊಡ್ಡದನ್ನು ಹಾಗೇ ತಿನ್ನಿ."