ಪುಸ್ತಕದ ಪುಟ ಕಟ್ಟಲು ಲಿಬ್ರೆಆಫೀಸ್ ರೈಟರ್

ಶಿರಸಿ, ಕುಮಟಾ, ಕಾರವಾರದ ಕಡೆ ಕವನ ಸಂಕಲನವನ್ನೋ ಯಕ್ಷಗಾನ ಪ್ರಸಂಗವನ್ನೋ ಸ್ವಂತ ಖರ್ಚಿನಲ್ಲಿ ತರುವವರಿಗೆ ಪುಟವಿನ್ಯಾಸದ ಹಣ ಉಳಿಸಿಕೊಡುವ ಉಚಿತ ತಂತ್ರಾಂಶವಿದು. ಮುದ್ರಣಾಲಯಕ್ಕೆ ಕಾಗದ, ಅಚ್ಚು, ಬೈಂಡಿಂಗಿನ ದುಡ್ಡು ಕೊಟ್ಟರಾಯಿತು.

ಹೆಚ್ಚಿನವರು ಎಡವುವುದು ಅಕ್ಷರದ ಗಾತ್ರದಲ್ಲಿ. ರೈಟರ್ ಕನ್ನಡವನ್ನು 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' (ಅಕ್ಷರಗಳು ಕೂಡಿ ರೂಪ ಬದಲಿಸುವ ಲಿಪಿಗಳ ವಿಭಾಗ) ಎಂದು ಬೇರೆಯಾಗಿ ಎಣಿಸುತ್ತದೆ. ಪ್ಯಾರಾಗ್ರಾಫ್ ಸ್ಟೈಲಿನಲ್ಲಿ ಆ ವಿಭಾಗದ ಫಾಂಟು, ಗಾತ್ರವನ್ನೇ ಬದಲಿಸಬೇಕು. ಇಲ್ಲವಾದರೆ ಇಂಗ್ಲಿಷ್ ಅಕ್ಷರ ಮಾತ್ರ ದೊಡ್ಡದಾಗುತ್ತದೆ. ಪುಟ 5.5×8.5 ಇಂಚು, ಲೇಔಟ್ 'ಮಿರರ್ಡ್' (ಎಡ-ಬಲ ಪುಟಗಳ ಅಂಚು ಕನ್ನಡಿಯ ಬಿಂಬದಂತೆ), ಬೆನ್ನಿನ ಕಡೆ 2 ಸೆಂ.ಮೀ. ಅಂಚು, ನೋಟೊ ಸೆರಿಫ್ ಕನ್ನಡ 11 ಪಾಯಿಂಟ್: ಕಣ್ಣಿಗೆ ಹಿತ.

ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಕಡತವನ್ನು ಯುನಿಕೋಡಿಗೆ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತಕ್ಕೆ) ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುತ್ತವೆ. ಸಾಲು ಸಾಲಾಗಿ ಓದಿ ತಿದ್ದದೆ ಪಿಡಿಎಫ್ ಮಾಡಲೇಬೇಡಿ.

ಆಫ್‌ಸೆಟ್ ಮುದ್ರಣದಲ್ಲಿ ಸಾಮಾನ್ಯವಾಗಿ 16 ಪುಟಕ್ಕೊಂದು ಫಾರಂ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು. ಪುಸ್ತಕ 160 ಪುಟದ ಆಸುಪಾಸಿನದಾದರೆ 160ರಲ್ಲೇ ಮುಗಿಸಿ; 161ನೆಯ ಪುಟ ಬಂತೆಂದರೆ ಮತ್ತೊಂದು ಫಾರಮ್ಮಿನ ಖರ್ಚು ಬೀಳುತ್ತದೆ.

ಬಣ್ಣದ ಮುಖಪುಟಕ್ಕೆ ರೈಟರ್ ಸಾಲದು, ಅಚ್ಚಿಗೆ ಬೇಕಾದ ಸಿಎಂವೈಕೆ (ನಾಲ್ಕು ಶಾಯಿಗಳ) ಬಣ್ಣ ಕೊಡುವುದಿಲ್ಲ. ಅದಕ್ಕೆ ಸ್ಕ್ರೈಬಸ್ ಎಂಬ ಪುಟವಿನ್ಯಾಸ ತಂತ್ರಾಂಶ ಬಳಸಿ, ಅದೂ ಉಚಿತ. ಪುಸ್ತಕದ ಗುರುತು ಸಂಖ್ಯೆ ಐಎಸ್‌ಬಿಎನ್ ಕೂಡ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಿಂದ ಪುಕ್ಕಟೆ ಸಿಗುತ್ತದೆ, ಮಧ್ಯವರ್ತಿಗೆ ಹಣ ಕೊಡಬೇಡಿ.