ಕೀಮ್‌ಗಾವರ್: ಜೇಬಲ್ಲಿಟ್ಟರೆ ಕರಗುವ ದುಡ್ಡು

ಮ್ಯೂನಿಕ್ ಕನ್ನಡಿಗರು ಕೀಮ್ಸೇ ಸರೋವರಕ್ಕೆ ಹೋದಾಗ ಸುಮ್ನೆ ಕುತೂಹಲಕ್ಕೆ ಕೀಮ್‌ಗಾವರ್ ಅನ್ನುವ ಅಲ್ಲಿನ ಸ್ಥಳೀಯ ದುಡ್ಡಿನ ನೋಟು ಕೊಳ್ಳಬೇಡಿ. ರೋಸೆನ್‌ಹೈಮ್, ಟ್ರೌನ್‌ಸ್ಟೈನ್ ಕಡೆ ಮನೆ ಮಾಡಿದ್ದರೆ ಮಾತ್ರ ಕೊಳ್ಳಿ. ಯಾಕೆಂದರೆ ಅದರಾಚೆ ಇದನ್ನು ಯಾರೂ ಮುಟ್ಟುವುದಿಲ್ಲ, ವಾಪಸ್ ಯೂರೋ ಮಾಡಿಸಿಕೊಳ್ಳುವ ಅವಕಾಶ ಇರುವುದೂ ಅಂಗಡಿಯವರಿಗೇ, ನಮಗಲ್ಲ.

1 ಕೀಮ್‌ಗಾವರ್ ಅಂದರೆ 1 ಯೂರೋ, ಲೆಕ್ಕದಲ್ಲಿ ತಲೆನೋವಿಲ್ಲ. 2003ರಲ್ಲಿ ಪ್ರೀನ್ ಊರಿನ ವಾಲ್ಡಾರ್ಫ್ ಶಾಲೆಯ ಅರ್ಥಶಾಸ್ತ್ರದ ಮೇಷ್ಟ್ರು ಕ್ರಿಸ್ಟಿಯಾನ್ ಗೆಲ್ಲೆರಿ ಮತ್ತು ಅವರ ವಿದ್ಯಾರ್ಥಿಗಳು ಶುರು ಮಾಡಿದ್ದು. ಶಾಲೆಯ ಪ್ರಾಜೆಕ್ಟ್ ಇಷ್ಟು ವರ್ಷ ಉಳಿದದ್ದೇ ದೊಡ್ಡದು. ಅತ್ತ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಇಂಥದ್ದೇ ಸ್ಥಳೀಯ ದುಡ್ಡು ಬ್ರಿಸ್ಟಲ್ ಪೌಂಡ್ ನೋಡಿ, ಅಲ್ಲಿನ ಮೇಯರ್ ತಮ್ಮ ಸಂಬಳವನ್ನೇ ಅದರಲ್ಲಿ ತೆಗೆದುಕೊಂಡರೂ ಹತ್ತು ವರ್ಷ ತುಂಬುವ ಮೊದಲೇ ಮುಚ್ಚಿತು.

ಇದರ ವಿಶೇಷ ಏನೆಂದರೆ ಕೂಡಿಟ್ಟರೆ ಬೆಲೆ ಕರಗುತ್ತದೆ. ಶುರುವಿನಲ್ಲಿ ಮೂರು ತಿಂಗಳಿಗೆ ನೂರಕ್ಕೆ 2ರಷ್ಟು ಕಳೆಯುತ್ತಿತ್ತು, ಅವಧಿ ಮುಗಿದ ನೋಟಿಗೆ ಸ್ಟಿಕರ್ ಕೊಂಡು ಅಂಟಿಸಬೇಕಿತ್ತು. ಕಿರಿಕಿರಿ ಅಲ್ವಾ? ಆದರೆ ಆ ಕಿರಿಕಿರಿಯೇ ಇದರ ಎಂಜಿನ್. ಯಾರೂ ಇಟ್ಟುಕೊಳ್ಳುವುದಿಲ್ಲ, ಬೇಗ ಖರ್ಚು ಮಾಡುತ್ತಾರೆ, ಅದೂ ಅಲ್ಲೇ ಸುತ್ತಮುತ್ತ. ಐಡಿಯಾ ಹೊಸದೇನಲ್ಲ, ಗಡಿಯಾಚೆ ಆಸ್ಟ್ರಿಯಾದ ವ್ಯೋರ್ಗ್ಲ್‌ನಲ್ಲಿ 1932ರಲ್ಲೇ ತಿಂಗಳಿಗೆ ನೂರಕ್ಕೆ ಒಂದರಂತೆ ಕರಗುವ ನೋಟು ತಂದು ರಸ್ತೆ ಕೆಲಸ ಮಾಡಿಸಿದ್ದರು. ಮರುವರ್ಷ ಕೇಂದ್ರ ಬ್ಯಾಂಕ್ ನಿಲ್ಲಿಸಿಬಿಟ್ಟಿತು.

ನನಗೆ ನಿಜಕ್ಕೂ ಹಿಡಿಸಿದ್ದು ಅಂಗಡಿಯವರ ಕಡೆಯ ಲೆಕ್ಕ. ಯೂರೋಗೆ ಬದಲಾಯಿಸಿದರೆ ನೂರಕ್ಕೆ 5 ಹೋಗುತ್ತದೆ. ಅದರಲ್ಲಿ 3 ಗಿರಾಕಿಯಾಗಿ ನೀವು ಆರಿಸಿದ ಊರಿನ ಸಂಘಕ್ಕೆ, ಶಾಲೆಗೋ ಕ್ರೀಡಾ ಕ್ಲಬ್‌ಗೋ ಸೇರುತ್ತದೆ. ನಿಮ್ಮ ಕೈಯಿಂದ ಜಾಸ್ತಿ ದುಡ್ಡು ಬಿಡದೆ ದಾನ! ಆ 5 ಉಳಿಸಿಕೊಳ್ಳಬೇಕೆಂದರೆ ಬೇಕರಿಯವರು ಇದೇ ದುಡ್ಡು ತೆಗೆದುಕೊಳ್ಳುವ ಹಿಟ್ಟಿನವರನ್ನೋ ಬಡಗಿಯನ್ನೋ ಹುಡುಕಲೇಬೇಕು. ಊರಿನ ವ್ಯಾಪಾರ ಊರಿಗೇ ಸುತ್ತುವುದು ಹೀಗೆ. ಸಿಗದೇ ಹೋದರೆ ನಷ್ಟ ಅವರದೇ, ಗಿರಾಕಿಗೆ ಇದು ಕಾಣುವುದೇ ಇಲ್ಲ. ಅಲ್ಲಿ ನನಗೆ ಸ್ವಲ್ಪ ಅನ್ಯಾಯ ಅನ್ನಿಸಿತು.

ಇನ್ನು ಇಂಥ ಸ್ಥಳೀಯ ದುಡ್ಡು ಪರಿಸರಸ್ನೇಹಿ ಅನ್ನುವ ಮಾತು. ಅರ್ಧ ಮಾತ್ರ ಒಪ್ಪುತ್ತೇನೆ. ಹತ್ತಿರದ ಅಂಗಡಿ ಅಂದ ಮಾತ್ರಕ್ಕೆ ಹತ್ತಿರದ ಬೆಳೆ ಅಂತಲ್ಲ, ಸ್ಪೇನ್‌ನ ಟೊಮೇಟೊಗೂ ಇದೇ ನೋಟು ನಡೆಯುತ್ತದೆ. ಕಡಿಮೆ ಕೊಳ್ಳಿ ಅಂತ ಹೇಳುವುದಂತೂ ಇದರ ಸ್ವಭಾವದಲ್ಲೇ ಇಲ್ಲ, ಬೇಗ ಖರ್ಚು ಮಾಡಿ ಅನ್ನುವ ದುಡ್ಡು ಇದು.

ಕಾರ್ಡ್ ಕೂಡ ಇದೆ, ಸ್ಟಿಕರ್ ಗೋಜಿಲ್ಲ, ಅದನ್ನೇ ಮಾಡಿಸಿ. ವಾರದ ತರಕಾರಿ, ಬ್ರೆಡ್ಡಿಗೆ ಎಷ್ಟು ಬೇಕೋ ಅಷ್ಟೇ ಬದಲಾಯಿಸಿ. ಮತ್ತೆ ಹೋಟೆಲಿನಲ್ಲಿ ಊಟಕ್ಕೆ ಕೂರುವ ಮೊದಲೇ ಈ ದುಡ್ಡು ತೆಗೆದುಕೊಳ್ಳುತ್ತೀರಾ ಅಂತ ಕೇಳಿಬಿಡಿ.

ಅಲ್ಲಿಯವರಿಗೆ ನಾಲ್ಕು ಸ್ಟಾರ್, ಪ್ರವಾಸಿಗಳಿಗೆ ಒಂದೂವರೆ.